ಪ್ರವಾಸ ಹೋಗೋಣ, ಹೋದ ಹೊಲಕ್ಕೆ ಹೊರೆಯಾಗದ ಹಾಗೆ

ನಮ್ಮ ಗೆಳೆಯರ ಬಳಗದ ಈ ಸಲದ ಪ್ರವಾಸದ ಏರ್ಪಾಟು ನನ್ನ ಪಾಲಿಗೆ ಬಂದಿದೆ. ನಾವು ಹದಿನಾಲ್ಕು ಮಂದಿ. ಎಲ್ಲರೂ ಸಿಂಧನೂರು ತಾಲೂಕಿನವರು, ತುಂಗಭದ್ರಾ ಎಡದಂಡೆ ಕಾಲುವೆ ನಂಬಿ ಮೂರೋ ನಾಲ್ಕೋ ಎಕರೆ ಭತ್ತ ಬೆಳೆಯುವವರು. ಈ ಸಲ ಏನು ಮಾಡಬೇಕು ಅನ್ನುವ ಮೊದಲು ಹೋದ ಸಲ ಏನು ಮಾಡಿದೆವು ಅನ್ನೋದನ್ನ ಹೇಳಿಬಿಡುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು. ಆ ವಾರ ನಮಗ್ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಆಗ ನಮ್ಮಲ್ಲೊಬ್ಬರು, "ಕಾಲುವಿ ನೀರು ಕಾಣದಲೇ ಬಾಳೇವು ಮಾಡೋ ರೈತರು ಇಲ್ಲೇ ಮಗ್ಗಲದಾಗ ಅದಾರ, ಒಂದ್ಸಲ ಹೋಗಿ ನೋಡೂಣು" ಅಂದರು. ಮಾತು ಎಲ್ಲರಿಗೂ ಹಿಡಿಸಿತು.

2025ರ ಜನವರಿಯಲ್ಲಿ ಎರಡು ಗಾಡಿ ಬಾಡಿಗೆ ಹಿಡಿದು ಲಿಂಗಸುಗೂರು ಕಡೆಯ ಒಂದು ಒಣಬೇಸಾಯದ ಹೊಲಕ್ಕೆ ಹೋದೆವು. ಆರು ಎಕರೆ ಎರೆ ಹೊಲ. ಬಿಳಿಜೋಳ ತೆನೆ ಹಿಡಿದಿತ್ತು, ಪಕ್ಕದಲ್ಲಿ ಕಡಲೆ, ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಕುಸುಬೆ. ಹೊಲದ ತಗ್ಗಿನ ಮೂಲೆಯಲ್ಲಿ ಕೃಷಿಹೊಂಡ. ಹಿಂಗಾರಿ ಬೆಳೆ ಪೂರಾ ನೆಲದೊಳಗಿನ ಹಸಿಯ ಮೇಲೆ ನಿಂತಿತ್ತು. ಗದ್ದೆಯಲ್ಲಿ ಸದಾ ನೀರು ನಿಲ್ಲಿಸಿ, ಸವುಳು ಏರಿದ ಮೇಲೆ ಹಣೆ ಚಚ್ಚಿಕೊಳ್ಳುವ ನಮಗೆ ಅದು ದೊಡ್ಡ ಪಾಠ. ಆ ಮನೆಯವರು ಸೀತನಿ ಸುಟ್ಟು ಕೊಟ್ಟರು. ಬದುವಿನ ಮೇಲೆ ಕುಂತು ಊಟ ಮಾಡಿ, ಫೋಟೋ ಹೊಡೆಸಿಕೊಂಡು ಖುಷಿಯಿಂದ ಬಂದೆವು.

ಮೂರು ವಾರ ಬಿಟ್ಟು ಆ ರೈತರಿಗೆ ಫೋನ್ ಮಾಡಿದೆ. ಆಕಳು ಮೇವು ಬಿಟ್ಟಿತ್ತಂತೆ. ಡಾಕ್ಟರು ಹೊಟ್ಟೆ ಕೊಯ್ದು ಪ್ಲಾಸ್ಟಿಕ್ಕಿನ ಉಂಡೆ ತೆಗೆದರಂತೆ. ಆಕಳು ಉಳಿಯಿತು, ಹಾಲು ಬತ್ತಿತು. ನನಗೆ ಥಟ್ಟನೆ ನೆನಪಾದದ್ದು ನಾವು ಹೊಂಡದ ದಂಡೆಯಲ್ಲಿ ಬಿಟ್ಟು ಬಂದ ಸಾರು ಹತ್ತಿದ ಚೀಲ, ತಟ್ಟೆ, ಲೋಟ. ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ನಿಮ್ಮದ ಅಂತ ನಾ ಹೆಂಗ ಹೇಳ್ಲೆಣ್ಣಾ? ಹೊಲ ನೋಡಾಕ ಬಂದೋರು ಭಾಳ ಮಂದಿ" ಅಂದರು.

ಪ್ಲಾಸ್ಟಿಕ್ ದನದ ಹೊಟ್ಟೆಯಲ್ಲಿ ಕರಗುವುದಿಲ್ಲ. ಸಗಣಿಯಲ್ಲೂ ಪೂರಾ ಹೋಗುವುದಿಲ್ಲ. ವರ್ಷಗಟ್ಟಲೆ ಕೂಡುತ್ತಾ ಹೋಗಿ ಮೇವಿನ ಜಾಗ ತಿನ್ನುತ್ತದೆ. ಹಾಗಾಗಿ ಆ ಉಂಡೆ ನಮ್ಮ ಒಂದು ದಿನದ ಕೆಲಸ ಅಲ್ಲ. ಆದರೆ ಅದರಲ್ಲಿ ನಮ್ಮದು ಇರಲೇ ಇಲ್ಲ ಅಂತ ಎದೆ ಮುಟ್ಟಿ ಹೇಳುವ ಧೈರ್ಯ ನನಗಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ರೈತರು ರೈತರ ಹೊಲ ನೋಡಲು ಹೋಗಲೇಬೇಕು. ಆದರೆ ಪ್ಯಾಟಿ ಮಂದಿ ಪಿಕ್ನಿಕ್ಕಿಗೆ ಹೋದ ಹಾಗೆ ಅಲ್ಲ, ನಮ್ಮ ಹಿರಿಯರು ಚರಗ ಚೆಲ್ಲಲು ಹೋದ ಹಾಗೆ.

ಎಳ್ಳ ಅಮವಾಸ್ಯೆಯ ಚರಗ ನೆನಪು ಮಾಡಿಕೊಳ್ಳಿ. ಓಣಿಯ ನಾಲ್ಕಾರು ಮನೆಯವರು ಕೂಡಿ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಮೊದಲ ತುತ್ತು ಭೂಮಿತಾಯಿಗೆ, ಆಮೇಲೆ ನಮಗೆ. ಉಳಿದದ್ದು ದನಕ್ಕೆ, ಹಕ್ಕಿಗೆ. ಸಂಜೆ ಮನೆಗೆ ಬಂದಾಗ ಹೊಲದಲ್ಲಿ ಗುಡಿಸುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಗೆಳೆಯರ ಜೊತೆ ಪರಿಸರಕ್ಕೆ ತೊಂದರೆಯಾಗದ ಪ್ರವಾಸ ಹೇಗೆ ಅಂತ ನಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಗೊತ್ತಿದ್ದದ್ದನ್ನ ನಾವೇ ಮರೆತಿದ್ದೇವೆ. ಈಗ ಚರಗಕ್ಕೂ ಥರ್ಮಾಕೋಲ್ ತಟ್ಟೆ ಬಂದಿದೆ, ಅದು ಬೇರೆ ಮಾತು.

ಈ ಸಲದ ನನ್ನ ಯೋಜನೆ ಕೇಳಿ.

ದೂರ ಹೋಗುವುದು ಬೇಡ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿವೆ, ಸರಕಾರಿ ಬಸ್ಸು ಇದ್ದೇ ಇವೆ. ಹೇಗಿದ್ದರೂ ಓಡುವ ಬಸ್ಸಿನಲ್ಲಿ ಹದಿನಾಲ್ಕು ಮಂದಿ ಹತ್ತಿದರೆ ಎರಡು ಗಾಡಿಯ ಡೀಸೆಲ್ ಉಳಿಯಿತು, ಬಾಡಿಗೆಯೂ ಉಳಿಯಿತು. ಬಸ್ಸು ಇಳಿದ ಮೇಲೆ ಹೊಲದ ತನಕ ನಡಿಗೆ. ನಡೆಯಲಾಗದವರಿಗೆ ಆ ಊರಿನದೇ ಒಂದು ಗಾಡಿ ಹೇಳಿದರಾಯಿತು. ನಡೆದರೆ ದಾರಿಯ ಹೊಲಗಳೂ ಕಣ್ಣಿಗೆ ಬೀಳುತ್ತವೆ.

ಮಸ್ಕಿಯಲ್ಲಿ ಇಳಿದು ಗುಡ್ಡದ ಅಶೋಕನ ಶಾಸನ ನೋಡುವುದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇದನ್ನು ಪತ್ತೆ ಮಾಡಿದ. ಬೇರೆ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಅಶೋಕನೇ ಅಂತ ಗಟ್ಟಿಯಾದದ್ದು ಈ ಬಂಡೆಯಿಂದ. ದಾರಿಯ ಬದಿಗೆ ಮರ ಹಚ್ಚಿಸಿದ್ದನ್ನ, ಮನುಷ್ಯರಿಗೂ ದನಕರುಗಳಿಗೂ ಬಾವಿ ತೋಡಿಸಿದ್ದನ್ನ ಅದೇ ಅರಸ ಬೇರೆ ಕಡೆಯ ಶಾಸನಗಳಲ್ಲಿ ಬರೆಸಿದ್ದಾನೆ. ಪ್ರವಾಸ ಹೋಗುವವರು ತಿಳಿದಿರಬೇಕಾದ ಮಾತು. ಹೊತ್ತು ಉಳಿದರೆ ಲಿಂಗಸುಗೂರು ದಾಟಿ ಮುದಗಲ್ ಬಳಿಯ ಪಿಕ್ಲಿಹಾಳ. ನವಶಿಲಾಯುಗದಿಂದ ದನ ಸಾಕಿದವರ ನೆಲೆ ಅದು, ಅಲ್ಲಿನ ಬಂಡೆಗಳ ಮೇಲೆ ದನಗಳ ಚಿತ್ರಗಳಿವೆ. ಎರಡೂ ಕಡೆ ಬಂಡೆ ಮೇಲೆ ಹೆಸರು ಕೆತ್ತುವುದು, ಸುಣ್ಣ ಬಳಿಯುವುದು ಸಲ್ಲದು.

ಬುತ್ತಿ ಮನೆಯದೇ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಎರಡು ದಿನ ಕೆಡುವುದಿಲ್ಲ. ಒಬ್ಬೊಬ್ಬರು ಒಂದು ಸ್ಟೀಲ್ ತಟ್ಟೆ, ಒಂದು ಲೋಟ. ಕಾಗದದ ಲೋಟ ನಡೀತದೆ ಅನ್ನುವವರಿಗೆ ಹೇಳುತ್ತೇನೆ, ಅದರ ಒಳಮೈಗೂ ತೆಳು ಪ್ಲಾಸ್ಟಿಕ್ ಬಳಿದಿರುತ್ತದೆ. ಕುಡಿಯಲು ಇಪ್ಪತ್ತು ಲೀಟರಿನ ಎರಡು ಕ್ಯಾನು ಸಾಕು. ಪ್ಲಾಸ್ಟಿಕ್ ತಟ್ಟೆ, ಲೋಟ, ಕೈಚೀಲಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶಕ್ಕೆಲ್ಲ ನಿಷೇಧ ಬಂತು. ಸಂತೆಯಲ್ಲಿ ಸಿಗುತ್ತದೆ ಅಂತ ನಾವು ಕೊಳ್ಳಲೇಬೇಕೇನು?

ಇನ್ನೊಂದು ಮುಖ್ಯ ಮಾತು, ಕಸದಷ್ಟು ಕಣ್ಣಿಗೆ ಕಾಣುವುದಿಲ್ಲ. ತೊಗರಿಯ ಸೊರಗು ರೋಗ ಮಣ್ಣಿನಲ್ಲಿರುತ್ತದೆ, ಕೆಸರುಗಾಲಿನ ಜೊತೆ ಇನ್ನೊಂದು ಹೊಲಕ್ಕೆ ಹೋಗಬಲ್ಲದು. ದಾಳಿಂಬೆಯ ದುಂಡಾಣು ಅಂಗಮಾರಿ ಕತ್ತರಿಯಿಂದ, ಮುಟ್ಟಿದ ಕೈಯಿಂದ ಹಬ್ಬುತ್ತದೆ. ಆದ್ದರಿಂದ ಒಂದು ಹೊಲ ಬಿಡುವಾಗ ಮೆಟ್ಟಿನ ಮಣ್ಣು ಅಲ್ಲೇ ಕೆರೆದು ತೊಳೆದು ಬರಬೇಕು. ದಾಳಿಂಬೆ ತೋಟದಲ್ಲಿ ಗಿಡ ಮುಟ್ಟಬಾರದು. ಮಳೆ ಬಿದ್ದ ಮಾರನೇ ದಿನ ಎರೆ ಹೊಲಕ್ಕೆ ಇಳಿಯಲೇಬಾರದು, ಇಪ್ಪತ್ತೆಂಟು ಕಾಲು ತುಳಿದರೆ ಆ ನೆಲ ಗಟ್ಟಿಯಾಗುತ್ತದೆ.

ಹೊಲದ ಯಜಮಾನರಿಗೆ ವಾರ ಮೊದಲೇ ತಿಳಿಸಬೇಕು. ಅವರ ರಾಶಿಯ ದಿನ ಹೋಗಿ ಕೆಲಸ ಕೆಡಿಸಬಾರದು. ಅವರ ಮನೆಯ ಹೆಣ್ಣುಮಕ್ಕಳಿಗೆ ಹದಿನಾಲ್ಕು ಮಂದಿಯ ಅಡಿಗೆ ಹೊರಿಸಬಾರದು. ಕೊಂಡು ತರುವುದಿದ್ದರೆ ಅವರಲ್ಲೇ ಬೆಳೆದ ಕಡಲೆ, ತೊಗರಿಬೇಳೆ, ಕುಸುಬೆ ಎಣ್ಣೆ ಕೊಂಡು ತರೋಣ.

ನಮ್ಮ ಬಳಗದಲ್ಲಿ ಒಬ್ಬರು ತಕರಾರು ತೆಗೆದರು: "ವರ್ಷದಾಗ ಒಂದ ದಿನ ಹೊರಗ ಹೋಗ್ತೀವಿ, ಅದಕ್ಕೂ ಇಷ್ಟು ಕಟ್ಟುಪಾಡೇನೋ ತಮ್ಮಾ? ಫ್ಯಾಕ್ಟರಿಯೋರು ಮಾಡೋ ಹೊಲಸಿನ ಮುಂದ ನಮ್ದೇನ್ ಲೆಕ್ಕ?" ಅವರ ಮಾತು ಸುಳ್ಳಲ್ಲ. ಫ್ಯಾಕ್ಟರಿಯ ಹೊಲಸು ತೊಳೆಯುವ ಶಕ್ತಿ ನಮ್ಮ ಹದಿನಾಲ್ಕು ಮಂದಿಗಿಲ್ಲ. ಆದರೆ ಆ ಆಕಳು ಫ್ಯಾಕ್ಟರಿಯ ಅಂಗಳದಲ್ಲಿ ಮೇಯಲಿಲ್ಲ, ನಾವು ಉಂಡ ಬದುವಿನಲ್ಲಿ ಮೇಯಿತು. ನಮ್ಮಂಥ ಸಣ್ಣ ರೈತನೊಬ್ಬನಿಗೆ ಒಂದು ಆಕಳ ಹಾಲು ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕೇ? ಅವರು ಸುಮ್ಮನಾದರು. ಆಮೇಲೆ, "ಆತು, ತಟ್ಟಿ ಬಟ್ಟಲ ನಾನೂ ತರ್ತೀನಿ, ಆದ್ರ ನಡೆಯಾಕ ಆಗೂದಿಲ್ಲ, ಮೊಣಕಾಲು ನೋವು" ಅಂದರು. ಅವರಿಗೆ ಗಾಡಿ ಹೇಳಿದ್ದೇನೆ.

ನಾವು ಮೊದಲು ಹೋಗುವುದು ಅದೇ ಲಿಂಗಸುಗೂರಿನ ಹೊಲಕ್ಕೆ. ಹೋದ ಕೂಡಲೆ ಕೃಷಿಹೊಂಡದ ಸುತ್ತ, ಬದುವಿನುದ್ದ ಬಿದ್ದ ಪ್ಲಾಸ್ಟಿಕ್ಕು ಯಾರದೇ ಇರಲಿ, ಒಂದು ತಾಸು ಆರಿಸಿ ಚೀಲಕ್ಕೆ ತುಂಬಿಕೊಂಡು ಬರುವುದು ಅಂತ ಮಾತಾಗಿದೆ. ಖಾಲಿ ಗೊಬ್ಬರದ ಚೀಲ ನಾಲ್ಕು ತೆಗೆದಿಟ್ಟಿದ್ದೇನೆ. ನಿಮ್ಮೂರಿನ ಬಳಗವೂ ಹೊರಟಿದ್ದರೆ, ಬುತ್ತಿ ಕಟ್ಟುವಾಗ ಅಂಥದೊಂದು ಖಾಲಿ ಚೀಲ ಜೊತೆಗಿಟ್ಟುಕೊಳ್ಳಿ.