ಹುಕ್ಕಾದ ಗಾಜು ತೊಳೆದರೆ ಹೊಗೆಯೂ ಶುದ್ಧವೇ?

ಹುಕ್ಕಾದ ಗಾಜಿನ ಪಾತ್ರೆಯೊಳಗೆ ಅಂಟಿದ ಕಂದು ಜಿಡ್ಡು ಬರೀ ನೀರಿಗೆ ಬಿಡುವುದಿಲ್ಲ. ಅದರಲ್ಲಿ ಹೆಚ್ಚಿನದು ಟಾರ್. ಟಾರ್‌ನ ಬಹುಪಾಲು ನೀರಿನಲ್ಲಿ ಕರಗದು. ಅದಕ್ಕೇ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಕಲ್ಲುಪ್ಪು ಹಾಕಿ ಕುಲುಕುವ ರೂಢಿ. ಆಲ್ಕೋಹಾಲ್ ಜಿಡ್ಡನ್ನು ಕರಗಿಸುತ್ತದೆ. ಉಪ್ಪು ಅದರಲ್ಲಿ ಹೆಚ್ಚು ಕರಗದೆ ಹರಳಾಗಿಯೇ ಉಳಿದು, ಕೈ ಹೋಗದ ಮೂಲೆಗಳನ್ನು ಉಜ್ಜುತ್ತದೆ. (ಈ ಆಲ್ಕೋಹಾಲ್‌ನ ಆವಿಗೆ ಬೆಂಕಿ ಬೇಗ ಹೊತ್ತುತ್ತದೆ. ಒಲೆ, ಕೆಂಡದ ಬಳಿ ಈ ಕೆಲಸ ಬೇಡ.) ಬಿಸಿಯಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು.

ಈಗ ಯೋಚಿಸಿ. ಇಷ್ಟೆಲ್ಲ ಕುಲುಕಿದರೂ ಟಾರ್ ಕರಗಿಸಲಾಗದ ನೀರು, ಗುಳ್ಳೆಗಳಾಗಿ ಕ್ಷಣದಲ್ಲಿ ಹಾದುಹೋಗುವ ಹೊಗೆಯಿಂದ ಅದನ್ನು ಹೇಗೆ ಸೋಸೀತು? ಒಂದಿಷ್ಟು ನಿಕೋಟಿನ್, ಒಂದಿಷ್ಟು ಕಣಗಳು ನೀರಿನಲ್ಲಿ ಉಳಿಯುತ್ತವೆ, ನಿಜ. ಮಿಕ್ಕಿದ್ದು ಎದೆಗೇ ಇಳಿಯುತ್ತದೆ. ನೀರು ಮುಖ್ಯವಾಗಿ ಮಾಡುವುದು ಹೊಗೆಯನ್ನು ತಣ್ಣಗಾಗಿಸುವ ಕೆಲಸ. ಗಂಟಲು ಉರಿಯದ್ದರಿಂದ ಸೇದುವವರು ಇನ್ನಷ್ಟು ಆಳಕ್ಕೆ, ಇನ್ನಷ್ಟು ಹೊತ್ತು ಎಳೆಯುತ್ತಾರೆ. ಅಕ್ಬರನ ವೈದ್ಯ ಅಬುಲ್ ಫತ್ ಗಿಲಾನಿ ಹೊಗೆಯನ್ನು ಶುದ್ಧ ಮಾಡಲೆಂದೇ ಈ ಉಪಾಯ ಕಂಡುಹಿಡಿದನೆಂಬ ಕಥೆ ಇಂದಿಗೂ ಓಡಾಡುತ್ತಿದೆ. ಕಥೆ ಹಳೆಯದಾದ ಮಾತ್ರಕ್ಕೆ ಹೊಗೆ ಶುದ್ಧವಾಗದು.

ಇನ್ನು ಇದ್ದಿಲಿನಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗ ಕಬಳಿಸುತ್ತದೆ. ಸೇದಿದ ಮೇಲೆ ತಲೆಸುತ್ತು ಬಂದರೆ ಅದನ್ನು 'ಕಿಕ್' ಎಂದುಕೊಳ್ಳುವವರಿದ್ದಾರೆ. ಅದು ವಿಷದ ಲಕ್ಷಣವೂ ಆಗಿರಬಹುದು. ತಂಬಾಕಿಲ್ಲದ 'ಹರ್ಬಲ್' ಹುಕ್ಕಾದಲ್ಲೂ ಉರಿಯುವುದು ಅದೇ ಇದ್ದಿಲು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹುಕ್ಕಾ ನಿಷೇಧಿಸಿದಾಗ, ತಂಬಾಕಿಲ್ಲದ ಹುಕ್ಕಾವನ್ನೂ ಬಿಡಲಿಲ್ಲ.