ಅಂಕಕ್ಕೆ ಶಾಲು, ಓಟಕ್ಕೆ ಬೈಗುಳ ಯಾಕೆ?

ಎಸೆಸೆಲ್ಸಿ ಫಲಿತಾಂಶ ಬಂತೆಂದರೆ ನಮ್ಮ ಊರುಗಳಲ್ಲಿ ಸನ್ಮಾನದ ಸಡಗರ. ಜಮಾಅತ್‌ನವರು, ಯುವಕ ಸಂಘದವರು ವೇದಿಕೆ ಕಟ್ಟಿ, ಶೇ. 90 ದಾಟಿದ ಮಕ್ಕಳಿಗೆ ಶಾಲು ಹೊದಿಸಿ ಸ್ಮರಣಿಕೆ ಕೊಡುತ್ತಾರೆ. ಒಳ್ಳೆಯ ಕೆಲಸವೇ. ಒಂದು ಕಾಲದಲ್ಲಿ ನಮ್ಮ ಎಷ್ಟೋ ಮಕ್ಕಳು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಂಗಡಿಗೆ, ದಕ್ಕೆಗೆ, ಗಲ್ಫಿಗೆ ಹೋಗುತ್ತಿದ್ದರು. ಇವತ್ತು ಮನೆ ಮನೆಯಲ್ಲಿ ಪದವೀಧರರು ಇದ್ದಾರೆಂದರೆ ಇಂಥ ಪ್ರೋತ್ಸಾಹಕ್ಕೂ ಅದರಲ್ಲಿ ಪಾಲಿದೆ.

ಆದರೆ ಕಳೆದ ಸಲ ಅಂಥದೊಂದು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ನನ್ನ ಕಣ್ಣಿಗೆ ಬಿದ್ದ. 800 ಮೀಟರ್ ಓಟದಲ್ಲಿ ತಾಲೂಕು ಗೆದ್ದು ಜಿಲ್ಲಾ ಕೂಟಕ್ಕೆ ಹೋಗಿ ಬಂದವನು. ಅಂಕ ಮಾತ್ರ ಶೇ. 62. ಅವನ ಹೆಸರನ್ನು ಯಾರೂ ಕರೆಯಲಿಲ್ಲ. ಜಿಲ್ಲಾ ಕೂಟದಲ್ಲಿ ಅವನು ಓಡಿದ್ದು ಗೆಳೆಯನ ಶೂ ಹಾಕಿಕೊಂಡು. "ಸ್ಪೈಕ್ ಶೂ ಬೇಕು ಅಂತ ಹಠ ಹಿಡಿದ. ಎರಡು ಸಾವಿರ ಎಲ್ಲಿಂದ ತರ್ಲಿ? ಓಡಿದ್ರೆ ಏನು ಸಿಗ್ತದೆ ಅಂತ ಬೈದು ಕಳಿಸ್ದೆ" ಅಂದರು ಅವನ ಉಮ್ಮ.

ನಮ್ಮವರಿಗೆ ಆಟ ಬೇಡ ಅಂತಲ್ಲ. ಮಳೆ ನಿಂತದ್ದೇ ತಡ, ಹೊನಲು ಬೆಳಕಿನ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಶುರು. ಲೈಟು, ಮೈಕು, ಟೀಶರ್ಟು, ಆಳೆತ್ತರದ ಟ್ರೋಫಿ, ನಗದು ಬಹುಮಾನ. ಊರಿನವರೂ ಗಲ್ಫಿನವರೂ ಕೈಬಿಚ್ಚಿ ಕೊಡುತ್ತಾರೆ. ಆದರೆ ಅಲ್ಲಿ ಆಡುವವರು ದೊಡ್ಡವರು. ಹೈಸ್ಕೂಲ್ ಮಕ್ಕಳು ರಾತ್ರಿ ಎರಡು ಗಂಟೆವರೆಗೆ ನಿಂತು ನೋಡಿ, ಮರುದಿನ ಕ್ಲಾಸಿನಲ್ಲಿ ತೂಕಡಿಸುತ್ತಾರೆ. ಓದೂ ಹಾಳು, ಅವರ ಆಟಕ್ಕೂ ಕಾಸಿನ ಪ್ರಯೋಜನ ಇಲ್ಲ.

ಮಕ್ಕಳಿಗೆ ಸಮಯವಾದರೂ ಎಲ್ಲಿದೆ? ಬೆಳಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಶನ್. ಹತ್ತನೇ ಕ್ಲಾಸಿಗೆ ಬಂದರೆ ಪಿ.ಟಿ. ಪೀರಿಯಡ್ಡನ್ನೂ ಗಣಿತಕ್ಕೆ ಬಿಟ್ಟುಕೊಡಬೇಕು.

"ಓಡಿದ್ರೆ ಏನು ಸಿಗ್ತದೆ?" ಎಂಬ ಪ್ರಶ್ನೆಗೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಮಂಗಳೂರಿನ ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಗೇಮ್ಸ್‌ನಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಕಾರ್ಕಳ ತಾಲೂಕಿನ ಹಳ್ಳಿಯಿಂದ ಬಂದ ಕಬಡ್ಡಿ ಆಟಗಾರ್ತಿ ಮಮತಾ ಪೂಜಾರಿ ಅರ್ಜುನ ಪ್ರಶಸ್ತಿ ಪಡೆದರು, ರೈಲ್ವೆಯಲ್ಲಿ ಉದ್ಯೋಗವನ್ನೂ ಪಡೆದರು. ಕಾಲೇಜು ಸೀಟಿಗೂ ಕ್ರೀಡಾ ಕೋಟಾ ಇದೆ.

ಹಾಗಂತ ಪುಸ್ತಕ ಮಡಚಿಟ್ಟು ಮೈದಾನಕ್ಕೆ ಇಳಿಯಿರಿ ಎಂದು ನಾನು ಹೇಳುವುದಿಲ್ಲ. ಎಲ್ಲರೂ ಪೂವಮ್ಮ ಆಗಲಾರರು. ಒಂದು ಸಲ ಮೊಣಕಾಲು ಕೈಕೊಟ್ಟರೆ ಆಟ ಅಲ್ಲಿಗೇ ಮುಗಿಯಬಹುದು. ಆಗ ಕೈ ಹಿಡಿಯುವುದು ಓದೇ. ಅದಕ್ಕೇ ಓಡುವ ಮಗುವಿಗೆ ಓದಿನ ಆಸರೆ ಇನ್ನೂ ಹೆಚ್ಚು ಬೇಕು.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ಟೂರ್ನಮೆಂಟಿಗೆ ಕೂಡಿದ ಹಣದಲ್ಲಿ ಹತ್ತನೇ ಒಂದು ಪಾಲನ್ನು ಊರಿನ ಶಾಲಾ ಮಕ್ಕಳ ಶೂ, ಪ್ರಯಾಣ, ಊಟಕ್ಕೆ ತೆಗೆದಿಡಿ. ಆಟವನ್ನು ರಾತ್ರಿ ಹತ್ತಕ್ಕೆ ಮುಗಿಸಿ. ಕೂಟಕ್ಕೆ ಹೋಗಿ ಪಾಠ ತಪ್ಪಿಸಿಕೊಂಡ ಮಗುವಿಗೆ ಊರಿನ ಪದವೀಧರ ಯುವಕ ಯುವತಿಯರು ಎರಡು ವಾರ ಕೂತು ಹೇಳಿಕೊಡಲಿ. ಉಸ್ತಾದರೂ ಪಿ.ಟಿ. ಮಾಸ್ಟ್ರೂ ಒಮ್ಮೆ ಎದುರು ಬದುರು ಕೂತು ಮಾತಾಡಿದರೆ, ವಾರಕ್ಕೆರಡು ದಿನ ಬೆಳಗ್ಗಿನ ಅಭ್ಯಾಸಕ್ಕೆ ದಾರಿ ಸಿಕ್ಕೀತು. ಹೆಣ್ಮಕ್ಕಳ ಜತೆ ಒಬ್ಬ ಟೀಚರೋ ಒಬ್ಬರ ಉಮ್ಮನೋ ಹೋಗುವ ವ್ಯವಸ್ಥೆ ಆದರೆ, ಬೇಡ ಅನ್ನುವ ಎಷ್ಟೋ ಮನೆಗಳು ಹೂಂ ಅಂದಾವು.

ಮುಂದಿನ ಸನ್ಮಾನದ ಪಟ್ಟಿ ಬರೆಯುವಾಗ ಮುಖ್ಯೋಪಾಧ್ಯಾಯರನ್ನು ಮಾತ್ರವಲ್ಲ, ಪಿ.ಟಿ. ಮಾಸ್ಟ್ರನ್ನೂ ಒಂದು ಮಾತು ಕೇಳಿ. ಆ ಹುಡುಗ ಈಗ ಪಿಯುಸಿಯಲ್ಲಿದ್ದಾನೆ. ಓಡುವುದನ್ನು ಬಿಟ್ಟಿದ್ದಾನೆ. ಅವನ ತಮ್ಮ ಎಂಟನೇ ಕ್ಲಾಸು, ಅಣ್ಣನಿಗಿಂತ ಜೋರು ಓಡ್ತಾನಂತೆ. ಅವನಿಗಾದರೂ ಶೂ ಸಿಗಲಿ.