ಹಳೇ ಕೋವಿ, ಹೊಸ ಲೇತು

ಗೋಡೆಗೆ ಹಳೇ ಕೋವಿ ತೂಗುಹಾಕುವ ಶೋಕಿ ಹೊಸದೇನಲ್ಲ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಲಿನ ವಿಲ್ಲಾಗಳಲ್ಲಿ ಅದಕ್ಕೆ ಬೇಕಾದ ದುಡ್ಡೂ ಇದೆ, ಗೋಡೆಯೂ ಇದೆ. 2015ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಆಯುಧಗಳಿಗೆ ಕೋಟಿಗಟ್ಟಲೆ ಬೆಲೆ ಬಂತು. 'ಟಿಪ್ಪು ಕಾಲದ್ದು ಸಾರ್, ಅಜ್ಜನ ಮನೆಯದು' ಎನ್ನುವವರು ಬಾಗಿಲು ತಟ್ಟುವ ಮೊದಲೇ ಎಚ್ಚರವಾಗುವುದು ಒಳ್ಳೆಯದು.

ಹೊಸ ಕೋವಿಗೆ ಹಳೇ ಮುಖ ಕೊಡಲು ಬೇಕಾದ ಲೇಸರ್ ಮಾರ್ಕಿಂಗ್, ಆಸಿಡ್ ತೊಳೆತ, ಬ್ಲ್ಯಾಕೋಡೈಸಿಂಗ್ ಎಲ್ಲವೂ ಪೀಣ್ಯದಲ್ಲಿ ಜಾಬ್ ವರ್ಕ್ ಲೆಕ್ಕದಲ್ಲಿ ಸಿಗುತ್ತವೆ. ಮಾಲು ಮುಂದೆ ಯಾವ ಹೆಸರಲ್ಲಿ ಮಾರಾಟವಾಗುತ್ತದೆಂದು ಲೇತಿನ ಮುಂದೆ ನಿಂತವನಿಗೆ ಹೇಗೆ ತಿಳಿಯಬೇಕು? ಸುಳ್ಳು ಹೆಸರಲ್ಲಿ ಕೋವಿ ಮಾರುವ ಚಾಳಿ ಹಳೆಯದೇ. ಬಾಲ್ಕನ್ ನಾಡಿನ ನಳಿಗೆಗಳ ಮೇಲೂ ಇಟಲಿಯ ನಳಿಗೆ ತಯಾರಕ ಲಾಜರಿನೊ ಹೆಸರನ್ನು ಸುಳ್ಳೇ ಕೆತ್ತುತ್ತಿದ್ದರು.

ಈಸ್ಟ್ ಇಂಡಿಯಾ ಕಂಪನಿ ಬಂದೂಕಿನ ಲಾಕ್ ಪ್ಲೇಟಿಗೆ ಮೊದಲು ಹೃದಯಾಕಾರದ ಮುದ್ರೆ ಒತ್ತುತ್ತಿತ್ತು. ಎದ್ದು ನಿಂತ ಸಿಂಹ ಬಂದದ್ದು 1808ರ ಹೊತ್ತಿಗೆ. ಸಿಂಹದ ಪಕ್ಕ 1799 ಎಂದಿದ್ದರೆ ಶ್ರೀರಂಗಪಟ್ಟಣದ ಕಥೆ ಕೇಳುತ್ತ ಕೂರಬೇಡಿ. ಟಿಪ್ಪುವಿನ ಕೊನೆಯ ವರ್ಷಗಳ ಕೋವಿಗಳಲ್ಲಿ ಹುಲಿಪಟ್ಟೆಯ ಜೊತೆಗೆ ಇರುವುದು ಹಿಜರಿಯಲ್ಲ, ಅವನೇ ತಂದ ಮೌಲೂದಿ ಶಕೆ. ನಳಿಗೆಯನ್ನು ಮರದಿಂದ ಬಿಡಿಸಿ ಅಡಿಭಾಗ ನೋಡಿ. ಮದ್ದು ಉರಿದ ಕಿವಿಯ (ಬೆಂಕಿ ತಾಗುವ ರಂಧ್ರದ) ಸುತ್ತ ತುಕ್ಕು ಆಳವಾಗಿ ತಿಂದು, ಉಳಿದೆಡೆ ಕಡಿಮೆಯಿದ್ದರೆ ನಂಬಬಹುದು. ಆಸಿಡ್ಡಿಗೆ ಆ ವಿವೇಕವಿಲ್ಲ, ಎಲ್ಲ ಕಡೆ ಸಮನಾಗಿ ತಿನ್ನುತ್ತದೆ.

ನಕಲಿ ಕೊಂಡರೆ ಹೋಗುವುದು ದುಡ್ಡು. ಅಸಲಿ ಕೊಂಡರೆ ಕೇಸೇ ಬೀಳಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೇ ಮಾದರಿಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ಅದು ರಿಪೇರಿ ಮಾಡಿದರೂ ಗುಂಡು ಹಾರದಂತಿರಬೇಕು. ಪೀಣ್ಯದಿಂದ ಹತ್ತು ಮೈಲಿಯೊಳಗೆ ರಿಪೇರಿಯಾಗದ ಕೋವಿ ಯಾವುದಿದೆ? ಕೊಡಗಿನ ಜಮ್ಮಾ ಹಿಡುವಳಿದಾರರಿಗಿರುವ ಲೈಸೆನ್ಸ್ ವಿನಾಯಿತಿಯೂ ಕೊಂಡವನಿಗೆ ವರ್ಗವಾಗುವುದಿಲ್ಲ. ನೂರು ವರ್ಷ ದಾಟಿದ್ದಾದರೆ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ವಿದೇಶಕ್ಕೆ ಕಳಿಸುವಂತೆಯೂ ಇಲ್ಲ.

ಹಳೇ ಆಯುಧ ಗುರುತಿಸಬಲ್ಲವರು ನಮ್ಮಲ್ಲೇ ಇದ್ದಾರೆ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಗ್ರಾಮದಲ್ಲಿ 2018ರಲ್ಲಿ ಬಾವಿಯಿಂದ ಸಾವಿರದಷ್ಟು ಟಿಪ್ಪು ಕಾಲದ ರಾಕೆಟ್ ಎತ್ತಿ ಗುರುತಿಸಿದ್ದು ರಾಜ್ಯ ಪುರಾತತ್ವ ಇಲಾಖೆ. ಆ ಪರಿಣತಿ ಶಿವಮೊಗ್ಗದಲ್ಲೇ ಉಳಿಯಬೇಕೇ? ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡುವ ಪೊಲೀಸ್ ಕಮಿಷನರ್ ಕಚೇರಿ ಇಲಾಖೆಯ ಜೊತೆ ಕೂತು ತಿಂಗಳಿಗೊಂದು ದಿನ ಹಳೇ ಕೋವಿಗಳ ತಪಾಸಣೆ ಇಡಲಿ. ತಾವಾಗಿ ತಂದವರ ಮೇಲೆ ಕೇಸು ಹಾಕುವುದಿಲ್ಲವೆಂದು ಮೊದಲೇ ಲಿಖಿತವಾಗಿ ಹೇಳಲಿ. ಇಲ್ಲದಿದ್ದರೆ ಒಬ್ಬನೂ ಬರುವುದಿಲ್ಲ.